ಮೇಸ್ತ್ರಿಯ ಎರಡು ಕೆಮ್ಮು

ತೌಡಿನ ಕೋಣೆಯಲ್ಲಿ ಬೀಡಿಗೆ ಕಡ್ಡಿ ಗೀರಿದವನು ನಾನಲ್ಲ. ಆದರೆ ಗೀರಬೇಡ ಎಂದು ಕೂಗಿದ ಮಾತಿಗೆ ಕವಡೆ ಕಾಸಿನ ಬೆಲೆಯೂ ಇಲ್ಲದಂತೆ ಮಾಡಿಟ್ಟಿದ್ದವನು ನಾನೇ.

ಹೊಸ ಮೈಸೂರು ರಾಜ್ಯವಾದ ಮರುವರ್ಷದ ಸುಗ್ಗಿ. ಶಿಕಾರಿಪುರದ ಒಂದು ಅಕ್ಕಿ ಗಿರಣಿಯಲ್ಲಿ ನಾನು ಚೀಲ ತೂಗುತ್ತಿದ್ದೆ. ಮುಖ ಒಣಗಿದ ಹೀರೇಕಾಯಿ. ದನಿ ಮಾತ್ರ ಯಾರದು ಬೇಕೋ ಅವರದು. ಸಾವ್ಕಾರರ ಮೂಗಿನ ಮಾತು ಬರುತ್ತಿತ್ತು, ಎಂಜಿನ್ನಿನ ಡಬಡಬವೂ ಬರುತ್ತಿತ್ತು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಸೊರಬದಿಂದ ಬಂದಿದ್ದ ಎಂಜಿನ್ ಮೇಸ್ತ್ರಿಯದು. ಗಿರಣಿಯ ಧೂಳು ಕುಡಿದೇ ಮುದಿಯಾದ ಎದೆ; ಎರಡು ಕೆಮ್ಮು ಬೀಳದೆ ಅವರಿಗೆ ಮಾತು ಹೊರಡುತ್ತಿರಲಿಲ್ಲ.

'ಖೊಹ್, ಖೊಹ್! ಬೀಡಿ ಹೊರಗಿಡ್ರೋ ಮಾರಾಯ್ರಾ!'

ಬಾಗಿಲ ಮರೆಯಲ್ಲಿ ನಿಂತು ನಾನು ಹೀಗೆ ಕೂಗಿದರೆ ಹಮಾಲರು ಬೀಡಿ ಎಸೆದು ಓಡುತ್ತಿದ್ದರು. ಆಮೇಲೆ 'ಕೋತಿ' ಎಂದು ಬೈಯುತ್ತ ನನ್ನನ್ನು ಅಟ್ಟಿಸಿಕೊಂಡು ಬಂದು ಗುದ್ದುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಓಡುವುದನ್ನೇ ಬಿಟ್ಟರು.

ತೌಡು ಬೀದಿಗೆ ಹಾರಿ ಊರ ದನಗಳು ಪುಕ್ಕಟೆ ಗೋಡೆ ನೆಕ್ಕುತ್ತವೆ ಎಂದು ಸಾವ್ಕಾರರು ತೌಡಿನ ಕೋಣೆಯ ಎರಡೂ ಕಿಟಕಿಗೆ ಹಲಗೆ ಹೊಡೆಸಿದ್ದರು. ಜಂತಿಯ ಮೇಲೆ ಬೆರಳು ಹೂತುಹೋಗುವಷ್ಟು ಧೂಳು. 'ಹಲಗೆ ಕೀಳ್ಸಿ. ನೀರು ಚಿಮುಕ್ಸಿ ಗುಡಿಸ್ಬೇಕು. ಎದ್ದ ಧೂಳಿಗೆ ಕಿಡಿ ತಾಗಿದ್ರೆ ಮದ್ದಿನ ಹಂಗೆ ಸಿಡೀತದೆ' ಎಂದು ಮೇಸ್ತ್ರಿ ಹೇಳಿ ಹೇಳಿ ಸೋತಿದ್ದರು.

ಅಂದು ಮಧ್ಯಾಹ್ನ ಎಂಜಿನ್ ನಿಂತಿತ್ತು. ಹಮಾಲನೊಬ್ಬ ಒಳಗೆ ಗಳುವಿನಿಂದ ಜಂತಿ ಬಡಿದು ಧೂಳು ಬೀಳಿಸುತ್ತಿದ್ದ. ಬಾಗಿಲಲ್ಲಿ ಯಾರಿದ್ದಾರೆಂದು ಅವನಿಗೆ ಕಾಣದಷ್ಟು ಧೂಳು. ಕಡ್ಡಿಪೆಟ್ಟಿಗೆ ಅಲುಗಿದ ಸದ್ದಿಗೆ ಮೇಸ್ತ್ರಿ ಓಡಿಬಂದರು.

'ಖೊಹ್, ಖೊಹ್! ಗೀರ್ಬ್ಯಾಡ್ವೋ! ಹೊರಗೆ ಬಾ!'

'ಹೋಗಲೇ ಕೋತಿ,' ಒಳಗಿನವನು ನಕ್ಕ, 'ಇವತ್ತು ಕೆಮ್ಮು ಸರಿಯಾಗಿ ಬರ್ಲಿಲ್ಲ ನಿಂಗೆ!'

ಗುಡುಗಿತು. ಬಾಗಿಲ ರೆಕ್ಕೆ ಕಿತ್ತುಬಂದು ಮೇಸ್ತ್ರಿಯ ಭುಜ ಮುರಿಯಿತು. ಹೆಂಚುಗಳು ಆಕಾಶಕ್ಕೆ ಹೋಗಿ ಅಂಗಳದಲ್ಲಿದ್ದ ನಮ್ಮ ತಲೆಗಳ ಮೇಲೆ ಇಳಿದವು. ಆ ಬೆಂಕಿಯೊಳಗಿಂದ ಹಮಾಲ ನಡೆದು ಬಂದ. ಕೂದಲಿಲ್ಲ, ಹುಬ್ಬಿಲ್ಲ, ಅಂಗಿ ಉರಿಯುತ್ತಿತ್ತು. ಒದ್ದೆ ಗೋಣಿ ಹೊದಿಸಿ ಆರಿಸಿದೆವು. ಗೋಣಿ ತೆಗೆದಾಗ ತೋಳಿನ ಚರ್ಮ ಅದಕ್ಕೇ ಅಂಟಿಕೊಂಡು ಬಂತು.

ಅವನನ್ನು ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದ ಮೇಲೆ ಅವನಣ್ಣ ನನ್ನನ್ನು ತೂಕದ ಕಲ್ಲುಗಳ ಮೇಲೆ ಕೆಡವಿ ಒದ್ದ. ಮುಂದಿನ ಎರಡು ಹಲ್ಲು ಹೋದವು. ಅಂದಿನಿಂದ ಸಾವ್ಕಾರರ ದನಿ ನನಗೆ ಸರಿಯಾಗಿ ಬರುವುದಿಲ್ಲ, ಅವರ ಪುಣ್ಯ.

ಹಮಾಲ ಬದುಕಿದ. ಮೂರನೆಯ ದಿನ ಸಾವ್ಕಾರರು ಬಡಗಿಯನ್ನು ಕರೆಸಿದರು, ಸಿಡಿದುಹೋದ ಹಲಗೆಗಳನ್ನೇ ಮತ್ತೆ ಕಿಟಕಿಗೆ ಬಡಿಯಲು!

'ಕಿಟಕಿ ಏನ್ ಮಾಡೈತ್ರೀ? ಎಲ್ಲಾ ಈ ಕೋತಿ ಅಣಕದಿಂದ ಆಗಿದ್ದು. ಏನಲೇ, ಹೌದೋ ಅಲ್ಲೋ?' ಸಾವ್ಕಾರರು ನನ್ನತ್ತ ತಿರುಗಿದರು.

'ಹೌದ್ರೀ' ಎಂದೆ. ಬಹಳ ದಿನಗಳ ಮೇಲೆ ನನ್ನದೇ ದನಿಯಲ್ಲಿ.

ತೋಳಿಗೆ ಪಟ್ಟಿ ಕಟ್ಟಿಕೊಂಡಿದ್ದ ಮೇಸ್ತ್ರಿ ಎಂಜಿನ್ ಶುರುಮಾಡುವ ಹ್ಯಾಂಡಲ್ ತಂದು ಸಾವ್ಕಾರರ ಕಾಲ ಬಳಿ ಎಸೆದರು. ಎರಡು ಸಲ ಕೆಮ್ಮಿದರು. ಬಡಗಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗುವಂತೆ ಮಾಡಿದ ಮಾತು ಇದು:

'ಅಣಕಕ್ಕೆ ಬೆಂಕಿ ಹತ್ತೂದಿಲ್ಲ ಸಾವ್ಕಾರ್ರೇ, ಧೂಳಿಗೆ ಹತ್ತೂದು. ಹಲಗೆ ಹೊಡ್ಸೂದಾದ್ರೆ ನೀವು ಒಳಗೆ ನಿಂತ್ಕಂಡು ಹೊಡ್ಸಿ.'