ಬೆಳ್ಳಗಾದ ಹವಳ

ಕಲಬುರಗಿಯಲ್ಲಿ ನನ್ನ ಮೊದಲ ಬೇಸಿಗೆ. ಮಧ್ಯಾಹ್ನ ಮುಖ ತೊಳೆಯಲೆಂದು ನಲ್ಲಿ ತಿರುಗಿಸಿದವಳು ಚೀರಿ ಕೈ ಹಿಂದೆಳೆದೆ. ಒಲೆಯಿಲ್ಲದೆ ನೀರು ಹೀಗೆ ಕಾಯುತ್ತದೆ ಎಂದರೆ ಕರಾವಳಿಯ ನೀವು ನಂಬಲಿಕ್ಕಿಲ್ಲ. "ಟಾಕಿ ಮ್ಯಾಲ ಬಿಸಲು ಬೀಳ್ತದಲ್ರೀ ಸಿಸ್ಟರ್, ನೀರು ಮುಂಜಾನೇ ಹಿಡಿದಿಟ್ಕೋಬೇಕು," ಎಂದು ಖೂಬಾ ಪ್ಲಾಟಿನ ನನ್ನ ಮನೆಯೊಡತಿ ಶರಣಮ್ಮ ನಕ್ಕರು.

ಕಮಲಾಪುರದ ಆಸ್ಪತ್ರೆಯಲ್ಲಿ ನಾನು ನರ್ಸು. ಊರು ಮುರುಡೇಶ್ವರ. ಅಲ್ಲಿ ತಮ್ಮ ಗಣಪತಿ ಪ್ರವಾಸಿಗರನ್ನು ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಒಯ್ಯುತ್ತಾನೆ. ಬಿಡುವಿದ್ದಾಗ ನಾನೂ ಅವನ ಜೊತೆ ಮುಳುಗುತ್ತಿದ್ದೆ. ಹವಳಕ್ಕೆ ಸಿಕ್ಕಿಕೊಂಡ ಹರಕು ಬಲೆ ಬಿಡಿಸುತ್ತಿದ್ದೆವು, ಲಂಗರು ಅದರ ಮೇಲೆ ಬೀಳದಂತೆ ಕಾಯುತ್ತಿದ್ದೆವು. ಇಲ್ಲಿ ಬಸ್ಸು ಮಹಾಗಾಂವ ದಾಟುವಾಗ ಎರಡೂ ಕಡೆ ತೊಗರಿ ಕೊಯ್ದ ಕರಿಹೊಲ. ಆ ಬಯಲಿನ ಕೊನೆಗೆ ಇನ್ನೇನು ಕಡಲು ಕಾಣುತ್ತದೆ ಅನ್ನಿಸಿ ದಿನಾ ಕತ್ತು ಚಾಚುತ್ತೇನೆ. ಕಾಣುವುದಿಲ್ಲ.

ಭಾಷೆಯೂ ಕೈಕೊಟ್ಟಿತು. "ಎರಡು ದಿನ ಆತ್ರೀ, ಆರಾಮ ಇಲ್ಲ," ಎಂದ ಅಜ್ಜಿಗೆ, "ಹಾಗಾದರೆ ಮನೆಕೆಲಸ ಬಿಟ್ಟು ಸ್ವಲ್ಪ ಕೂತುಕೊಳ್ಳಿ," ಎಂದುಬಿಟ್ಟೆ. ಇಲ್ಲಿ ಆರಾಮ ಅಂದರೆ ಬಿಡುವಲ್ಲ, ಆರೋಗ್ಯ. ಪಾಪ, ಆಕೆಗೆ ಜ್ವರ!

ಏಪ್ರಿಲ್ ಕೊನೆಗೆ ತಮ್ಮನ ಫೋನು ಬಂತು. "ಅಕ್ಕಾ, ನೀರು ಬಿಸಿಯಾಗಿದೆ. ಹವಳ ಬೆಳ್ಳಗಾಗ್ತಾ ಇದೆ. ನಮ್ಮ ದೊಡ್ಡದೂ."

ದೊಡ್ಡದೆಂದರೆ ಮೊದಲ ಸಲ ಮುಳುಗಿದಾಗಿನಿಂದ ನಾವಿಬ್ಬರೂ ಸುತ್ತು ಹಾಕುತ್ತಿದ್ದ, ಗುಡ್ಡದಂಥ ಹವಳ. ವಿಷಯ ಕೇಳಿದ ಶರಣಮ್ಮ ತಮ್ಮ ತಾಳಿಯ ಕೆಂಪು ಹವಳ ಹಿಡಿದು ನೋಡಿಕೊಂಡರು. "ಇದೂ ಬೆಳ್ಳಗ ಆಗ್ತದೇನ್ರೀ?"

ಅದು ಬೇರೆ ಜಾತಿಯ ಹವಳದ ಒಣ ಎಲುಬು, ನಮ್ಮದಿನ್ನೂ ಬದುಕಿದೆ ಎಂದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಊಟ, ಬಣ್ಣ ಎರಡೂ ಅದರಿಂದಲೇ. ನೀರು ಕಾದರೆ ಹವಳ ಆ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಉಳಿಯುತ್ತದೆ. ಅಂದಿನಿಂದ ನಾನು ಡ್ಯೂಟಿ ಮುಗಿಸಿ ಬಂದ ಕೂಡಲೇ ಅದೇ ಪ್ರಶ್ನೆ: "ನಿಮ್ಮ ಹವಳ ಆರಾಮ ಆದವೇನ್ರೀ?" ಹೋಗಿ ನೋಡಬೇಕೆಂದು ಜೀವ ಎಳೆಯುತ್ತಿತ್ತು. ಬಿಸಿಲು ಬಡಿದವರು ವಾರ್ಡಿನ ತುಂಬ ಇದ್ದರು. ರಜೆ ಕೇಳಲು ಬಾಯಿ ಬರಲಿಲ್ಲ.

ಜೂನಿನಲ್ಲಿ ಮತ್ತೆ ಫೋನು. ಮಳೆಗಾಲಕ್ಕೆ ದೋಣಿ ದಡಕ್ಕೇರಿಸುವ ಮುನ್ನ ಗಣಪತಿ ಕೊನೆಯ ಸಲ ಮುಳುಗಿ ನೋಡಿದ್ದನಂತೆ. ಕೆಲವು ಚಿಕ್ಕವು ಬಣ್ಣ ಉಳಿಸಿಕೊಂಡಿವೆ. ದೊಡ್ಡದು ಸತ್ತಿದೆ, ಮೇಲೆಲ್ಲ ಹೊರಗಿನ ಬೇರೆ ಪಾಚಿ ಹಬ್ಬಿದೆ. ಫೋನು ಕಿವಿಯಲ್ಲಿದ್ದಂತೆಯೇ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಶರಣಮ್ಮ ಬೆನ್ನು ಸವರಿದರು. "ಒಮ್ಮಿ ಹೋಗಿ ಮಾರಿ ನೋಡಿ ಬರ್ರೀ," ಎಂದರು. ಮಾರಿ ಎಂದರೆ ಇಲ್ಲಿ ಮುಖ. ಅಲ್ಲಿ ಮಳೆ ಹಿಡಿದಿತ್ತು, ಕಡಲಿಗೆ ಇಳಿಯುವಂತಿರಲಿಲ್ಲ. ಇಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

"ಯಾವಾಗ ಬರ್ತೆ ಅಕ್ಕಾ?" ಎಂದ ಗಣಪತಿ.

"ಬರ್ತೀನಿ ತಮ್ಮಾ. ನಿಮ್ಮೂರಾಗ ಮಳಿ ನಿಂದ್ರಲಿ."



"ನಿಮ್ಮೂರಾ?" ಎಂದ.