ಸ್ಲೇಟಿನ ಮೇಲಿನ ತಪ್ಪು

ಅಪ್ಪ ಬೆಸಗರಹಳ್ಳಿಯಲ್ಲಿ ಕನ್ನಡ ಮೇಷ್ಟ್ರು. ಯುದ್ಧದ ವರ್ಷಗಳಲ್ಲಿ ನನ್ನನ್ನು ಶಾಲೆ ಬಿಡಿಸಿದ ಮೇಲೂ ಮನೆಯಲ್ಲೇ ಹಳೆಯ ಪದ್ಯಗಳನ್ನು ಕಲಿಸಿದರು. ಅಕ್ಷರಗಳ ಮೇಲೆ ಲಘು ಗುರು ಗುರುತು ಹಾಕಿ ಗಣ ಬಿಡಿಸಬೇಕು. ಒಂದು ಮಾತ್ರೆ ತಪ್ಪಿದರೂ ಬೆರಳ ಗೆಣ್ಣಿಗೆ ಏಟು ಬೀಳುತ್ತಿತ್ತು. ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ತಪ್ಪು ಹೇಳಿದಾಗಲೂ ಸುಮ್ಮನಿದ್ದವರಲ್ಲ ಅವರು.

ಮಳವಳ್ಳಿಯವರು ನನ್ನನ್ನು ನೋಡಲು ಬಂದರು. ನನಗೆ ಆ ಮದುವೆ ಬೇಡವಾಗಿತ್ತು. ಅವ್ವನಿಗೆ ಎರಡು ಸಲ ಹೇಳಿದ್ದೆ. ಆಕೆ ರವೆ ಹುರಿಯುವುದನ್ನು ನಿಲ್ಲಿಸಿರಲಿಲ್ಲ.

"ಮೇಷ್ಟ್ರ ಮಗಳಲ್ವಾ, ಏನಾರಾ ಬರ್ದು ತೋರುಸ್ಲಿ," ಎಂದರು ಗಂಡಿನ ತಂದೆ.

ಅಪ್ಪ ಸ್ಲೇಟು ಕೊಟ್ಟು ಪ್ರಣಯದ ಕಂದಪದ್ಯವೊಂದನ್ನು ಹೇಳಿ, ಬರೆದು ಲಘು ಗುರು ಹಾಕೆಂದರು. ನಾಲ್ಕು ಸಾಲಿನಲ್ಲೂ ಎರಡನೆಯ ಅಕ್ಷರ 'ಲ್ಲ'ದ ಪ್ರಾಸ. ನಲ್ಲನ ಮೇಲೆ ಮುನಿದವಳು ಎರಡು ಸಲ 'ಒಲ್ಲೆ' ಎನ್ನುತ್ತಾಳೆ. ಎರಡು ಸಲ ಹೇಳಿದರೆ ಅದು ಒಪ್ಪಿಗೆ ಎಂದು ಅಪ್ಪನೇ ಕಲಿಸಿದ್ದರು. ಆ ಅರ್ಥ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಪ್ಪು ಬರೆದರೆ ಅಪ್ಪ ಎಲ್ಲರೆದುರೂ ಬೈಯುತ್ತಾರೆ, ಬಂದವರು ಎದ್ದು ಹೋಗುತ್ತಾರೆ ಎಂದುಕೊಂಡೆ. ಎರಡೂ 'ಒಲ್ಲೆ'ಗಳ ಮೊದಲ ಅಕ್ಷರಕ್ಕೆ ಗುರುವಿನ ಬದಲು ಲಘು ಹಾಕಿದೆ. ಒತ್ತಕ್ಷರದ ಹಿಂದಿನದು ಗುರು ಎಂಬುದು ಮೊದಲ ದಿನದ ಪಾಠ.

ಗಂಡಿನ ತಂದೆ ಸ್ಲೇಟನ್ನು ತಿರುಗಿಸಿ ನೋಡಿ ಅಪ್ಪನ ಕೈಗೆ ಕೊಟ್ಟರು. "ಸರ್ಯಾಗದಾ, ಮೇಷ್ಟ್ರೇ?"

ಅಪ್ಪನ ಬೆರಳು ಮೊದಲ ಲಘುವಿನ ಮೇಲೆ ನಿಂತಿತು, ಆಮೇಲೆ ಎರಡನೆಯದರ ಮೇಲೆ. ತಲೆಯೆತ್ತಿ ನನ್ನ ಮುಖ ನೋಡಿದರು.

"ಎಲ್ಲಾ ಸರ್ಯಾಗದೆ," ಎಂದು ಹೆಗಲ ಮೇಲಿನ ವಲ್ಲಿಯಿಂದ ಸ್ಲೇಟು ಒರೆಸಿಬಿಟ್ಟರು.