ಉಗುರುಬಣ್ಣದ ಚುಕ್ಕೆ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ, ಪುಂಜಾಲಕಟ್ಟೆಯ ತನ್ನ ಡಿಟಿಪಿ ಅಂಗಡಿಯಲ್ಲಿ ಶಶಿಪ್ರಭಾ ಆಮಂತ್ರಣ ಪತ್ರಿಕೆಯೊಂದಕ್ಕೆ ಫೋಟೋ ಹೊಂದಿಸುತ್ತಿದ್ದಳು. ನಿವೃತ್ತ ಉಪನ್ಯಾಸಕ ನಿತ್ಯಾನಂದರಿಗೆ ಮೂಡುಬಿದಿರೆಯಲ್ಲಿ ಸನ್ಮಾನ. ಕಾಲೇಜಿಗೆ ಮೊದಲ ಕಂಪ್ಯೂಟರ್ ತಂದವರೆಂದು. ಫೋಟೋದಲ್ಲಿ ಅವರ ಬೆನ್ನ ಹಿಂದೆ ಗಾಜಿನ ಕಪಾಟು, ಅದರೊಳಗೆ ಹಳೆಯ ಕಂಪ್ಯೂಟರಿನ ಒಂದು ಹಸಿರು ಕಾರ್ಡು. ದೊಡ್ಡದು ಮಾಡಿ ನೋಡಿದಳು. ಕಾರ್ಡಿನ ಮೂಲೆಯಲ್ಲಿ ಕೆಂಪು ಚುಕ್ಕೆ.

ಕೇಬಲ್ ತಿರುಗುಮುರುಗಾಗದಿರಲಿ ಎಂದು ಆ ಚುಕ್ಕೆ ಇಟ್ಟವಳು ಅವಳೇ, ತನ್ನ ಉಗುರುಬಣ್ಣದಿಂದ.

1991ರಲ್ಲಿ ಅವಳು ಆ ಕಾಲೇಜಿನ ತಾತ್ಕಾಲಿಕ ಸಹಾಯಕಿ. ಒಣಗಿಸಿ ಅಂಟಿಸಿಟ್ಟ ಗಿಡಗಳ ಪಟ್ಟಿಯನ್ನು, ತುಳು ಹೆಸರುಗಳ ಸಮೇತ, ಹನ್ನೊಂದು ತಿಂಗಳು ಕೂತು ಟೈಪ್ ಮಾಡಿದ್ದಳು. ರಜೆಯಲ್ಲಿ ನಿತ್ಯಾನಂದರು ಕಂಪ್ಯೂಟರಿನ ಡಿಸ್ಕ್ ನಡೆಸುವ ಆ ಹಸಿರು ಕಾರ್ಡನ್ನು ಕಿತ್ತು, ಹೆಚ್ಚು ವೇಗದ ಹೊಸದನ್ನು ಹಾಕಿದರು. ಡಿಸ್ಕಿನಿಂದ ಒಂದಕ್ಷರವೂ ಬರಲಿಲ್ಲ.

"ಇದರಲ್ಲಿ ಏನೂ ಇಲ್ಲ ಸರ್. ಇವಳು ಟೈಪೇ ಮಾಡಿಲ್ಲ," ಎಂದರು ಪ್ರಾಂಶುಪಾಲರ ಮುಂದೆ. ಎಷ್ಟು ಗಿಡ ಬರೆದೆ ಎಂದು ಪ್ರಾಂಶುಪಾಲರು ಕೇಳಿದಾಗ ಅವಳು ತಡವರಿಸದೆ ಒಂದು ಸಂಖ್ಯೆ ಹೇಳಿದಳು. ನಿತ್ಯಾನಂದರು ನಕ್ಕರು. "ಸುಳ್ಳಿಗೂ ಎಂಥಾ ಲೆಕ್ಕ ನೋಡಿ!"

ಮರುದಿನದಿಂದ ಅವಳಿಗೆ ಕೆಲಸವಿರಲಿಲ್ಲ.

ಆ ಡಿಸ್ಕಿನ ಸಮೇತ ಕಾಲೇಜಿನ ಮೂಲೆಯಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಅದೇ ಯಂತ್ರ ಎಷ್ಟೋ ವರ್ಷಗಳ ಮೇಲೆ ಬಿ.ಸಿ.ರೋಡಿನ ಉಮ್ಮರ್ ಅವರ ಗುಜರಿ ಅಂಗಡಿಗೆ ಬಂದಾಗ ಅವಳು ಕೊಂಡು ತಂದಳು. ನಿಜ ತಿಳಿದದ್ದು ಉಮ್ಮರ್ ಅವರಿಂದಲೇ.

"ಶಶಿಯಕ್ಕ, ಆ ಕಾಲದ ಡಿಸ್ಕ್ ಯಾವ ಕಾರ್ಡಿನಲ್ಲಿ ಬರೆದದ್ದೋ ಅದರಲ್ಲೇ ಓದಬೇಕು. ಬೇರೆ ಕಂಪನಿಯದ್ದು ಹಾಕಿದ್ರೆ ಅದಕ್ಕೆ ಗುರ್ತೇ ಸಿಗುದಿಲ್ಲ."

"ಅಂದ್ರೆ ಆವತ್ತು ನನ್ನ ಪಟ್ಟಿ ಅಲ್ಲೇ ಇತ್ತಾ, ಉಮ್ಮರಾಕ?"

"ಇತ್ತಲ್ಲ ಮತ್ತೆ! ಈಗಲೂ ಉಂಟು."

ಅಂದಿನಿಂದ ಹುಡುಕಾಟ. ಮಾನಿಟರೇ ಮೊದಲ ತೊಡಕು. ಯಂತ್ರದ ಹಿಂಬದಿಯಲ್ಲಿ ಮಾನಿಟರ್ ಸಿಕ್ಕಿಸಲು ಒಂಬತ್ತು ತೂತು. ಆಮೇಲೆ ಬಂದ ಮಾನಿಟರುಗಳಿಗೆ ಹದಿನೈದು ಕಡ್ಡಿ. ಕೇಬಲಿನ ತುದಿ ಬದಲಿಸಿಯೂ ನೋಡಿದಳು. ಹಳೆಯದು ಸೆಕೆಂಡಿಗೆ ಹದಿನೆಂಟು ಸಾವಿರ ಗೆರೆ ಕಳಿಸುತ್ತದೆ, ಹೊಸದು ಮೂವತ್ತೊಂದು ಸಾವಿರ ಕೇಳುತ್ತದೆ. ಪರದೆಯ ತುಂಬ ಹರಕು ಗೆರೆಗಳು. ಕೊನೆಗೆ ಶಿರ್ತಾಡಿಯಲ್ಲಿ, ಪದ್ಮಯ್ಯನವರ ಮುಚ್ಚಿದ ಟೈಪಿಂಗ್ ಶಾಲೆಯಲ್ಲಿ ಸರಿಯಾದ ಮಾನಿಟರ್ ಸಿಕ್ಕಿತು. ಅದರ ತಲೆಯ ಮೇಲೆ ಟೇಬಲ್ ಫ್ಯಾನ್ ಇಟ್ಟಿದ್ದರು.

ಕಾರ್ಡು ಮಾತ್ರ ಎಲ್ಲಿಯೂ ಸಿಕ್ಕಿರಲಿಲ್ಲ. ಈಗ ಸಿಕ್ಕಿತು.

ಮರುದಿನವೇ ಬೆಳ್ತಂಗಡಿಯ ಅವರ ಮನೆಗೆ ಹೋದಳು. ನಿತ್ಯಾನಂದರಿಗೆ ಗುರುತು ಹತ್ತಲಿಲ್ಲ.

"ಸರ್, ಸನ್ಮಾನದ ದಿನ ಸಭೆಯಲ್ಲಿ ಆ ಹಳೇ ಕಂಪ್ಯೂಟರ್ ಚಾಲು ಮಾಡಿ ತೋರಿಸುವ ಅಂತ. ಈ ಕಾರ್ಡ್ ಒಂದು ಬೇಕಿತ್ತು."

"ಓ, ಸ್ಟೂಡೆಂಟಾ ನೀವು? ಕೊಂಡೋಗಿ ಮಾರಾಯ್ರೆ! ಗಮ್ಮತ್ತಾಗ್ತದೆ." ತಮ್ಮ ಹೆಗಲ ಮೇಲಿನ ಬೈರಾಸಿನಿಂದಲೇ ಧೂಳು ಒರೆಸಿ ಕೊಟ್ಟರು. ಅವರ ಹೆಂಡತಿ ತಂದಿಟ್ಟ ಪುನರ್ಪುಳಿ ಶರಬತ್ತನ್ನು ಶಶಿಪ್ರಭಾ ಮುಟ್ಟಲಿಲ್ಲ.

ತನ್ನ ಮನೆಯಲ್ಲಿ ಕಾರ್ಡು ಸಿಕ್ಕಿಸಿ ಚಾಲು ಮಾಡಿದಾಗ, ಮೂರನೆಯ ಸಲಕ್ಕೆ ಡಿಸ್ಕ್ ಕಿರುಗುಟ್ಟಿ ತಿರುಗಿತು. ಪಟ್ಟಿ ತೆರೆಯಿತು. ಹನ್ನೆರಡನೆಯ ಗಿಡದ ಹೆಸರಿನಲ್ಲಿ ಅಕ್ಷರವೊಂದು ತಪ್ಪಿತ್ತು. ತಿದ್ದಲು ಬೆರಳು ಚಾಚಿ ಹಿಂದಕ್ಕೆಳೆದುಕೊಂಡಳು. ಕೊನೆಯ ಸಾಲು ನೋಡಿ ಯಂತ್ರ ಆರಿಸಿದಳು.

"ಸನ್ಮಾನದ ಕಮಿಟಿಗೆ ಒಂದು ಕಾಗದ ಬರೆದ್ರೆ ಸಾಕಲ್ಲ ಅಕ್ಕ? ಪಾಪ, ಮುದುಕ," ಎಂದರು ಯಂತ್ರ ಹೊರಲು ಬಂದ ಉಮ್ಮರ್.

"ಆಗ ನಂಗೆ ಇಪ್ಪತ್ತನಾಲ್ಕು ವರ್ಷ, ಉಮ್ಮರಾಕ. ಪಾಪ ಅಂತ ಯಾರೂ ಹೇಳಲಿಲ್ಲ. ಅವರ ಬಾಯಿಂದಲೇ ಬರ್ಬೇಕು."

ಸನ್ಮಾನದ ದಿನ ಮೂಡುಬಿದಿರೆಯ ಸಭೆಯಲ್ಲಿ ಶಾಲು, ಹಣ್ಣುಬುಟ್ಟಿ, ಹಾರ ಎಲ್ಲ ಆಯಿತು. ಶಶಿಪ್ರಭಾ ಸ್ವಿಚ್ ಒತ್ತಿದಳು. ಪರದೆಯಲ್ಲಿ ಹಸಿರು ಅಕ್ಷರಗಳು ಏರಿ ಬಂದಾಗ ಸಭೆ ಚಪ್ಪಾಳೆ ತಟ್ಟಿತು. ಅವಳು ಮೈಕನ್ನು ನಿತ್ಯಾನಂದರ ಕೈಗೆ ಕೊಟ್ಟಳು.

"ಕೊನೆಯ ಎರಡು ಸಾಲು ನೀವೇ ಓದಿ ಸರ್."

"ಟೈಪ್ ಮಾಡಿದವರು..." ಅವರು ಉತ್ಸಾಹದಿಂದಲೇ ಶುರುಮಾಡಿದರು. "ಶಶಿಪ್ರಭಾ." ದನಿ ಅಲ್ಲೇ ನಿಂತಿತು. ತಿರುಗಿ ಅವಳ ಮುಖ ನೋಡಿದರು. ಈಗ ಗುರುತು ಹತ್ತಿತ್ತು. "ಮುಂದಿನದ್ದು... ಕಣ್ಣಿಗೆ ಸರಿ ಕಾಣ್ತಾ ಇಲ್ಲ."

ಅವಳು ತನ್ನ ಕನ್ನಡಕ ತೆಗೆದು ಚಾಚಿದಳು. "ಇದು ಇಟ್ಟು ನೋಡಿ. ಒಟ್ಟು ಎಷ್ಟು ಗಿಡ ಸರ್? ಸುಳ್ಳಿನ ಲೆಕ್ಕ ಸಭೆಗೂ ಗೊತ್ತಾಗ್ಲಿ."

ಅವರು ಕನ್ನಡಕ ಏರಿಸಿಕೊಂಡು ಪರದೆಗೆ ಬಾಗಿದರು. ಮೂವತ್ತನಾಲ್ಕು ವರ್ಷಗಳ ಹಿಂದೆ ಪ್ರಾಂಶುಪಾಲರ ಕೋಣೆಯಲ್ಲಿ ಅವಳು ಹೇಳಿದ್ದ ಸಂಖ್ಯೆ, ಅಂದು ನಕ್ಕ ಬಾಯಿಂದಲೇ, ಮೈಕಿನಲ್ಲಿ ಕೇಳಿಬಂತು: ಎರಡು ಸಾವಿರದ ಎಂಟುನೂರ ನಲವತ್ತಾರು.